ಗುಳಿಗೆ ಮರೆತ ದಿನ

ಗರ್ಭನಿರೋಧಕ ಗುಳಿಗೆಯನ್ನು ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಬೇಕು. ಆ ದಿನದ ಗುಳಿಗೆಯನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಬೇಕು. ಎರಡೂ ಒಂದೇ ಹೊತ್ತಿಗೆ ಬಂದರೂ ಸರಿಯೇ. ಬೇರೇನೂ ಮಾಡಬೇಕಾಗಿಲ್ಲ. ಉತ್ತರ ಇಷ್ಟು ಚಿಕ್ಕದು. ಆದರೂ ಆಶಾ ಕಾರ್ಯಕರ್ತೆಯ ಮುಂದೆಯೂ ಮೆಡಿಕಲ್ ಶಾಪಿನ ಗಲ್ಲಾದ ಮುಂದೆಯೂ ಈ ಪ್ರಶ್ನೆ ತಗ್ಗಿದ ದನಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮರೆತದ್ದು ಎರಡೋ ಮೂರೋ ಆಗಿದ್ದರೆ, ಪ್ಯಾಕೆಟ್ಟಿನ ಮೊದಲ ವಾರದಲ್ಲಿ ಮರೆತಿದ್ದರೆ, ಗುಳಿಗೆ ದಿನಾ ನುಂಗುವ ಮಾಲಾ ಆಗಿರದೆ ವಾರದ ಲೆಕ್ಕದ ಛಾಯಾ ಆಗಿದ್ದರೆ ಉತ್ತರ ಬೇರೆಯಾಗುತ್ತದೆ. ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕೂರುವವರು ಯಾರೂ ಇಲ್ಲ. ಮಾಲಾದಂಥ ಗುಳಿಗೆಯ ಮಟ್ಟಿಗೆ ಎಲ್ಲದರ ಹಿಂದೆಯೂ ಇರುವ ಲೆಕ್ಕ ಒಂದೇ: ಅಂಡಾಶಯ ಹಾರ್ಮೋನಿನ ಹಿಡಿತ ತಪ್ಪಿಸಿಕೊಂಡು ಎಷ್ಟು ದಿನ ಇತ್ತು? ಈ ಲೆಕ್ಕ ಗೊತ್ತಿದ್ದರೆ ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ಬಿಳಿ ಇಪ್ಪತ್ತೊಂದು, ಕಂದು ಏಳು

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪ್ಯಾಕೆಟ್ಟಿನಲ್ಲಿ 28 ಗುಳಿಗೆಗಳಿರುತ್ತವೆ. 21 ಬಿಳಿ, 7 ಕಾಫಿಪುಡಿ ಬಣ್ಣದವು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮಾರುವ ಮಾಲಾ-ಡಿಯಲ್ಲೂ ಇರುವುದು ಇದೇ ಔಷಧ. ಪ್ರತಿ ಬಿಳಿ ಗುಳಿಗೆಯಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಹಾರ್ಮೋನು, 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಎಂಬ ಎಸ್ಟ್ರೊಜೆನ್ ಇದೆ. ಎರಡೂ ಸೇರಿದರೂ ಒಂದು ಸಾಸಿವೆ ಕಾಳಿಗಿಂತ ಎಷ್ಟೋ ಹಗುರ. ಕಂದು ಗುಳಿಗೆಯಲ್ಲಿ ಹಾರ್ಮೋನು ಇಲ್ಲವೇ ಇಲ್ಲ, ಅದು ಕಬ್ಬಿಣಾಂಶದ ಮಾತ್ರೆ. ಮುಟ್ಟಿನ ದಿನಗಳಲ್ಲಿ ಕಳೆದ ರಕ್ತಕ್ಕೆ ಒಂದಿಷ್ಟು ಭರ್ತಿ ಕೊಡುವುದು, ದಿನಾ ಗುಳಿಗೆ ನುಂಗುವ ರೂಢಿ ಕಡಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಆದ್ದರಿಂದ ಕಂದು ಗುಳಿಗೆ ಒಂದಲ್ಲ, ಏಳೂ ಮರೆತರೂ ಗರ್ಭ ನಿಲ್ಲುವ ಭಯವಿಲ್ಲ. ಮರೆತದ್ದನ್ನು ಎಸೆದು ಮುಂದಿನದಕ್ಕೆ ಹೋದರಾಯಿತು. ಹೊಸ ಪ್ಯಾಕೆಟ್ಟಿನ ಮೊದಲ ಬಿಳಿ ಗುಳಿಗೆ ಮಾತ್ರ ನಿಗದಿಯಾದ ದಿನವೇ ಬಾಯಿಗೆ ಬೀಳಬೇಕು.

ಬಿಳಿ ಗುಳಿಗೆ ಮಾಡುವ ಮುಖ್ಯ ಕೆಲಸ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮಟ್ಟದಲ್ಲಿ ನಡೆಯುತ್ತದೆ. ಅಂಡಾಶಯಕ್ಕೆ ‘ಅಂಡಾಣು ಬೆಳೆಸು, ಹೊರಗೆ ಬಿಡು’ ಎಂದು ಸಂದೇಶ ಕಳಿಸುವುದು ಆ ಗ್ರಂಥಿ. ರಕ್ತದಲ್ಲಿ ಗುಳಿಗೆಯ ಹಾರ್ಮೋನು ಇರುವಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಯಕೃತ್ತು ಈ ಹಾರ್ಮೋನನ್ನು ದಿನವೂ ಒಡೆದು ಹೊರಹಾಕುವುದರಿಂದ ದಿನವೂ ಹೊಸದು ಬೇಕು. ಜೊತೆಗೆ ಗರ್ಭಕೊರಳಿನ ಲೋಳೆ ದಪ್ಪವಾಗಿ ವೀರ್ಯಾಣು ಒಳಗೆ ನುಸುಳಲು ಆಗದಂತಾಗುತ್ತದೆ.

ಇಲ್ಲಿ ಏಳು ಎಂಬ ಸಂಖ್ಯೆ ಎರಡು ಸಲ ಬರುತ್ತದೆ. ಅಂಡಾಶಯ ಪೂರ್ತಿ ನಿದ್ದೆಗೆ ಜಾರಲು ಏಳು ದಿನ ಬಿಡದೆ ಬಿಳಿ ಗುಳಿಗೆ ಬೇಕು. ಹಾಗೆ ಮಲಗಿದ ಅಂಡಾಶಯ ಏಳು ದಿನದವರೆಗೆ ಗುಳಿಗೆ ಇಲ್ಲದಿದ್ದರೂ ಅಂಡಾಣು ಬಿಡುವ ಮಟ್ಟಕ್ಕೆ ಏಳುವುದಿಲ್ಲ. ಕಂದು ಗುಳಿಗೆಯ ವಾರ ಎಂದರೆ ಈ ಸಡಿಲವನ್ನು ಪೂರ್ತಿ ಖರ್ಚು ಮಾಡುವ ವಾರ. ಆ ಏಳು ದಿನಗಳಲ್ಲಿ ಅಂಡಾಣುವಿನ ಚೀಲಗಳು ಮೆಲ್ಲಗೆ ಬೆಳೆಯತೊಡಗುತ್ತವೆ. ಕೆಲವರಲ್ಲಿ ವಾರದ ಕೊನೆಗೆ ಒಂದು ಸೆಂಟಿಮೀಟರಿನಷ್ಟು ಆಗಿರುತ್ತವೆ. ಎಂಟನೆಯ ದಿನ ಹೊಸ ಪ್ಯಾಕೆಟ್ಟಿನ ಬಿಳಿ ಗುಳಿಗೆ ಬಂದು ಬೆಳವಣಿಗೆಯನ್ನು ಅಲ್ಲೇ ನಿಲ್ಲಿಸುತ್ತದೆ. ಅದು ಬರದೆ ಎಂಟು ಒಂಬತ್ತಾಗಿ, ಒಂಬತ್ತು ಹತ್ತಾದರೆ ಹಿಡಿತ ತಪ್ಪುತ್ತದೆ.

ಜನರ ಅಂದಾಜು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಸಹಜ ಋತುಚಕ್ರದಲ್ಲಿ ನಡು ತಿಂಗಳು ಗರ್ಭ ನಿಲ್ಲುವ ಕಾಲ ಎಂದು ಕೇಳಿ ತಿಳಿದವರು, ಗುಳಿಗೆಯನ್ನೂ ಪ್ಯಾಕೆಟ್ಟಿನ ನಡುವೆ ಮರೆಯಬಾರದು, ಆರಂಭದಲ್ಲಿ ಒಂದೆರಡು ದಿನ ತಡವಾದರೆ ಪರವಾಗಿಲ್ಲ ಎಂದುಕೊಳ್ಳುತ್ತಾರೆ. ಗುಳಿಗೆ ತೆಗೆದುಕೊಳ್ಳುವವಳಿಗೆ ಆ ಸಹಜ ಚಕ್ರವೇ ಇರುವುದಿಲ್ಲ. ಅವಳಿಗೆ ನಡು ಭಾಗವೇ ಗಟ್ಟಿ, ಎರಡು ಅಂಚುಗಳೇ ಸಡಿಲ. ಕಂದು ಗುಳಿಗೆಯ ದಿನಗಳಲ್ಲಿ ಬರುವ ಸ್ರಾವವೂ ನಿಜವಾದ ಮುಟ್ಟಲ್ಲ, ಹಾರ್ಮೋನು ನಿಂತದ್ದಕ್ಕೆ ಗರ್ಭಕೋಶದ ಒಳಪದರ ಕಳಚಿಬೀಳುವುದು ಅಷ್ಟೇ. 1960ರಲ್ಲಿ ಅಮೆರಿಕದಲ್ಲಿ ಎನೊವಿಡ್ ಎಂಬ ಮೊದಲ ಗುಳಿಗೆಗೆ ಗರ್ಭನಿರೋಧಕವಾಗಿ ಅನುಮತಿ ಸಿಕ್ಕಿತು. ಅದನ್ನು ರೂಪಿಸಿದ ಗ್ರೆಗರಿ ಪಿಂಕಸ್, ಜಾನ್ ರಾಕ್ ಮೊದಲಾದವರು ತಿಂಗಳಿಗೊಮ್ಮೆ ಸ್ರಾವ ಕಾಣಿಸಿಕೊಂಡರೆ ಹೆಂಗಸರಿಗೆ ಸಹಜ ಅನ್ನಿಸುತ್ತದೆ ಎಂದು ನಡುವೆ ಬಿಡುವು ಇಟ್ಟರು. ದೇಹಕ್ಕೆ ಆ ಬಿಡುವು ಬೇಕೆಂದೇನೂ ಇರಲಿಲ್ಲ. ಗುಳಿಗೆ ಮರೆಯುವ ಇಂದಿನ ತೊಡಕಿನಲ್ಲಿ ಹೆಚ್ಚಿನ ಪಾಲು ಈ ಬಿಡುವಿನಿಂದಲೇ ಹುಟ್ಟಿದ್ದು.

ಪ್ಯಾಕೆಟ್ಟಿನ ರೂಪ ಹುಟ್ಟಿದ್ದಂತೂ ಮರೆವಿನಿಂದಲೇ. ಮೊದಲು ಗುಳಿಗೆಗಳು ಬೇರೆ ಮಾತ್ರೆಗಳಂತೆ ಸೀಸೆಯಲ್ಲಿ ಬರುತ್ತಿದ್ದವು. ಇವತ್ತಿನದು ನುಂಗಿದ್ದೇನೋ ಇಲ್ಲವೋ ಎಂದು ಸೀಸೆ ನೋಡಿ ಹೇಳಲು ಬರುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರ್ ತನ್ನ ಹೆಂಡತಿ ಡೋರಿಸ್‌ಳ ಇದೇ ಗೊಂದಲ ನೋಡಿ ಒಂದು ಹಾಳೆಯ ಮೇಲೆ ವಾರದ ದಿನಗಳನ್ನು ಬರೆದು, ಒಂದೊಂದರ ಮೇಲೆ ಒಂದೊಂದು ಗುಳಿಗೆ ಇಟ್ಟ. ನಾಲ್ಕು ಮಕ್ಕಳಿದ್ದ ಮನೆ; ಹಾಳೆಯ ಮೇಲಿನ ಗುಳಿಗೆಗಳು ಒಂದು ದಿನ ಚೆಲ್ಲಾಪಿಲ್ಲಿಯಾದವು. ಆಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ದಿನದ ಹೆಸರು ತೋರಿಸುವ ದುಂಡನೆಯ ಡಬ್ಬಿಯೊಂದನ್ನು ಮಾಡಿ 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಗುಳಿಗೆ ಇದ್ದ ಗುಂಡಿ ಖಾಲಿ ಇದ್ದರೆ ನುಂಗಿಯಾಗಿದೆ, ತುಂಬಿದ್ದರೆ ಮರೆತಾಗಿದೆ. ಇವತ್ತಿನ ಮಾಲಾ ಪ್ಯಾಕೆಟ್ ನೋಡುವವಳು ಓದುವುದೂ ಇದೇ ಗುಂಡಿಗಳನ್ನು.

ಒಂದೋ, ಎರಡೋ, ಯಾವ ವಾರವೋ

ಒಂದು ಬಿಳಿ ಗುಳಿಗೆಯ ಮಾತು ಮೊದಲೇ ಮುಗಿದಿದೆ. ನೆನಪಾದಾಗ ನುಂಗುವುದು, ಮುಂದುವರಿಸುವುದು. ಎರಡು ಒಟ್ಟಿಗೆ ನುಂಗಿದ ದಿನ ಹೊಟ್ಟೆ ತೊಳಸಬಹುದು; ಊಟವಾದ ಮೇಲೆ ತೆಗೆದುಕೊಂಡರೆ ಕಡಿಮೆ. ಒಂದೇ ಗುಳಿಗೆ ತಪ್ಪಿದ್ದಕ್ಕೆ ನಿರೋಧ್ ಬೇಕಿಲ್ಲ, ತುರ್ತು ಗುಳಿಗೆಯೂ ಬೇಕಿಲ್ಲ.

ಎರಡು ಅಥವಾ ಹೆಚ್ಚು ಬಿಳಿ ಗುಳಿಗೆ ಸಾಲಾಗಿ ತಪ್ಪಿದರೆ ವಿಷಯ ಬೇರೆ. ಮಾರ್ಗಸೂಚಿಗಳಲ್ಲಿ ಇಲ್ಲಿ ಸಣ್ಣ ಭೇದವಿದೆ. 30 ಮೈಕ್ರೋಗ್ರಾಂ ಎಸ್ಟ್ರೊಜೆನ್ ಇರುವ ಮಾಲಾದಂಥ ಗುಳಿಗೆಗೆ ವಿಶ್ವ ಆರೋಗ್ಯ ಸಂಸ್ಥೆ ಎರಡರವರೆಗೂ ಸಡಿಲ ಕೊಟ್ಟು ಮೂರಕ್ಕೆ ಎಚ್ಚರಿಸಿದರೆ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎರಡಕ್ಕೇ ಎಚ್ಚರಿಸುತ್ತದೆ. ಖಾಸಗಿ ಅಂಗಡಿಗಳಲ್ಲಿ 20 ಮೈಕ್ರೋಗ್ರಾಮಿನ ಗುಳಿಗೆಗಳೂ ಇರುವಾಗ, ತನ್ನದು ಯಾವುದೆಂದು ಎಲ್ಲರೂ ಹಿಂಬದಿಯ ಸಣ್ಣಕ್ಷರ ಓದಿರುವುದಿಲ್ಲವಾದ್ದರಿಂದ, ಬಿಗಿಯಾದ ನಿಯಮ ಹಿಡಿಯುವುದೇ ಮೇಲು.

ಆ ನಿಯಮ ಹೀಗೆ. ದಿನಾ ರಾತ್ರಿ 9 ಗಂಟೆಗೆ ಗುಳಿಗೆ ನುಂಗುವ ಒಬ್ಬಾಕೆ ಶುಕ್ರವಾರ ಜಾತ್ರೆಗೆಂದು ತವರಿಗೆ ಹೊರಟಳು ಎನ್ನೋಣ. ಪ್ಯಾಕೆಟ್ ಬೀರುವಿನಲ್ಲೇ ಉಳಿಯಿತು. ಶುಕ್ರವಾರದ್ದು ತಪ್ಪಿತು, ಶನಿವಾರದ್ದೂ ತಪ್ಪಿತು. ಭಾನುವಾರ ರಾತ್ರಿ ಮನೆಗೆ ಬಂದು ಬೀರು ತೆಗೆದರೆ ಎರಡು ಗುಂಡಿ ತುಂಬಿವೆ. ಆಗ ಅವಳು ಶನಿವಾರದ ಗುಳಿಗೆಯನ್ನೂ ಭಾನುವಾರದ ಗುಳಿಗೆಯನ್ನೂ ನುಂಗಬೇಕು, ಶುಕ್ರವಾರದ್ದನ್ನು ಎಸೆಯಬೇಕು. ಎಷ್ಟೇ ಮರೆತಿದ್ದರೂ ಕೊನೆಯದಾಗಿ ಮರೆತ ಒಂದೇ ಲೆಕ್ಕಕ್ಕೆ ಬರುತ್ತದೆ, ಹಿಂದಿನವನ್ನೆಲ್ಲ ರಾಶಿ ಹಾಕಿ ನುಂಗಿದರೆ ವಾಂತಿಯಾದೀತೇ ಹೊರತು ಕಳೆದ ದಿನ ಮರಳುವುದಿಲ್ಲ. ಸೋಮವಾರದಿಂದ ಎಂದಿನಂತೆ ದಿನಕ್ಕೊಂದು. ಭಾನುವಾರದಿಂದ ಮುಂದಿನ ಶನಿವಾರದವರೆಗೆ, ಅಂದರೆ ಬಿಡದೆ ಏಳು ದಿನ ಬಿಳಿ ಗುಳಿಗೆ ಹೊಟ್ಟೆ ಸೇರುವವರೆಗೆ, ನಿರೋಧ್ ಬಳಸಬೇಕು ಅಥವಾ ಸೇರಬಾರದು. ಏಳರ ಲೆಕ್ಕ ಇಲ್ಲಿ ಮತ್ತೆ ಬಂತು.

ಇನ್ನು ವಾರದ ಮಾತು. ಇದೇ ಮರೆವು ಪ್ಯಾಕೆಟ್ಟಿನ ಎರಡನೆಯ ವಾರದಲ್ಲಿ ನಡೆದಿದ್ದರೆ, ಅದರ ಹಿಂದೆ ಏಳು ಗುಳಿಗೆ ಸರಿಯಾಗಿ ಬಿದ್ದಿದ್ದರೆ, ಮೇಲೆ ಹೇಳಿದಷ್ಟು ಸಾಕು.

ಮೂರನೆಯ ವಾರದಲ್ಲಾದರೆ ತೊಂದರೆ ಮುಂದೆ ಕಾದಿರುತ್ತದೆ. ಹಿಂದೆ ಎರಡು ದಿನ ಗುಳಿಗೆ ಇಲ್ಲ, ಮುಂದೆ ಏಳು ದಿನ ಕಂದು ಗುಳಿಗೆ. ನಡುವಿನ ನಾಲ್ಕಾರು ಬಿಳಿ ಗುಳಿಗೆಯಿಂದ ಅಂಡಾಶಯ ಮತ್ತೆ ಪೂರ್ತಿ ಮಲಗಿರುವುದಿಲ್ಲ. ಅದಕ್ಕೆ ಉಪಾಯ ಸುಲಭ: ಉಳಿದ ಬಿಳಿ ಗುಳಿಗೆ ಮುಗಿಸಿ, ಕಂದು ಗುಳಿಗೆಗಳನ್ನು ಬಿಟ್ಟು, ಮಾರನೆಯ ದಿನವೇ ಹೊಸ ಪ್ಯಾಕೆಟ್ಟಿನ ಬಿಳಿ ಗುಳಿಗೆ ಶುರು ಮಾಡುವುದು. ಆ ತಿಂಗಳು ಸ್ರಾವ ಬರದೇ ಇರಬಹುದು, ನಡುನಡುವೆ ಹನಿ ಕಾಣಬಹುದು. ಎರಡರಿಂದಲೂ ಕೆಡುಕಿಲ್ಲ. ಕೈಯಲ್ಲಿ ಇನ್ನೊಂದು ಪ್ಯಾಕೆಟ್ ಇದ್ದರೆ ಮಾತ್ರ ಇದು ಸಾಧ್ಯ ಎನ್ನುವುದು ಹಳ್ಳಿಯ ಕಡೆ ನಿಜವಾದ ಅಡಚಣೆ. ಒಂದೊಂದೇ ಪ್ಯಾಕೆಟ್ ಕೊಡಿಸಿಕೊಳ್ಳುವ ಬದಲು ಎರಡು ಮೂರು ಕೇಳಿ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಮೊದಲ ವಾರವೇ ಎಲ್ಲಕ್ಕಿಂತ ಸೂಕ್ಷ್ಮ. ಹಿಂದಿನ ಏಳು ಕಂದು ದಿನಗಳಿಗೆ ಈ ಎರಡು ಮೂರು ದಿನ ಸೇರಿ ಹಿಡಿತವಿಲ್ಲದ ಕಾಲ ಒಂಬತ್ತು ಹತ್ತು ದಿನಕ್ಕೆ ಹಿಗ್ಗುತ್ತದೆ. ಹೊಸ ಪ್ಯಾಕೆಟ್ ಎರಡು ದಿನ ತಡವಾಗಿ ಆರಂಭಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪ್ಯಾಕೆಟ್ ಮುಗಿದಿತ್ತು, ತರಲಾಗಲಿಲ್ಲ ಎನ್ನುವವರು ಅದನ್ನು ಮರೆವು ಎಂದುಕೊಳ್ಳುವುದೇ ಇಲ್ಲ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೆ ಜೀವ ಹಿಡಿದಿರಬಲ್ಲದು. ಹಾಗಾಗಿ ಗುಳಿಗೆ ತಪ್ಪಿದ ದಿನ ಸೇರದಿದ್ದರೂ ಅದರ ಹಿಂದಿನ ಐದು ದಿನಗಳಲ್ಲಿ ಸೇರಿದ್ದರೆ ಗರ್ಭ ನಿಲ್ಲುವ ಸಂಭವವಿದೆ. ತುರ್ತು ಗರ್ಭನಿರೋಧಕದ ಯೋಚನೆ ಮಾಡಬೇಕಾದ್ದು ಈ ಸಂದರ್ಭದಲ್ಲಿ.

ಅಂಗಡಿಯ ಕೆಲವು ಪ್ಯಾಕೆಟ್ಟುಗಳಲ್ಲಿ 21 ಗುಳಿಗೆ ಮಾತ್ರ ಇರುತ್ತವೆ, ಕಂದು ಸಾಲೇ ಇರುವುದಿಲ್ಲ. ಏಳು ದಿನ ಖಾಲಿ ಬಿಟ್ಟು ಎಂಟನೆಯ ದಿನ ತಾನಾಗಿಯೇ ಹೊಸದನ್ನು ನೆನಪಿಟ್ಟು ಆರಂಭಿಸಬೇಕು. ತಡವಾಗುವುದು ಹೆಚ್ಚಾಗಿ ಇಲ್ಲೇ.

ಗಂಡ ಊರಿಗೆ ಬಂದಾಗ

ಗಂಡ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ದುಡಿಯುತ್ತಿದ್ದು ಹೆಂಡತಿ ಊರಿನಲ್ಲಿರುವ ಮನೆಗಳಲ್ಲಿ ಇನ್ನೊಂದು ಬಗೆಯ ತಪ್ಪು ರೂಢಿಯಲ್ಲಿದೆ. ಅವನು ಹೋದ ಮೇಲೆ ಗುಳಿಗೆ ನಿಲ್ಲಿಸುವುದು, ಬಂದ ರಾತ್ರಿಯಿಂದ ಮತ್ತೆ ಶುರು ಮಾಡುವುದು. ಗುಳಿಗೆ ಅಂದಂದಿಗೆ ಫಲ ಕೊಡುವ ಔಷಧ ಎಂಬ ತಿಳಿವಳಿಕೆ ಇದರ ಹಿಂದಿದೆ. ಮುಟ್ಟು ಶುರುವಾದ ಐದು ದಿನದೊಳಗೆ ಆರಂಭಿಸಿದರೆ ಗುಳಿಗೆ ಮೊದಲ ದಿನದಿಂದಲೇ ಕಾಯುತ್ತದೆ. ಬೇರೆ ಯಾವ ದಿನ ಆರಂಭಿಸಿದರೂ ಏಳು ದಿನ ನಿರೋಧ್ ಬೇಕು. ಹದಿನೈದು ದಿನದ ರಜೆಯಲ್ಲಿ ಅರ್ಧ ಹಾಗೇ ಕಳೆಯುತ್ತದೆ. ಅವನು ಬರುವ ಮೊದಲಿನ ಮುಟ್ಟಿನಿಂದಲೇ ಆರಂಭಿಸುವುದು, ಇಲ್ಲವೇ ನಿಲ್ಲಿಸದೆ ಮುಂದುವರಿಸುವುದು ಸರಿ.

ವಾಂತಿ, ಭೇದಿ, ಟಿಬಿ ಮಾತ್ರೆ

ನುಂಗಿದ್ದೂ ನುಂಗದಂತಾಗುವ ಸಂದರ್ಭಗಳಿವೆ. ಗುಳಿಗೆ ತೆಗೆದುಕೊಂಡ ಎರಡು ಗಂಟೆಯೊಳಗೆ ವಾಂತಿಯಾದರೆ ಅದು ರಕ್ತ ಸೇರಿರುವುದಿಲ್ಲ, ಇನ್ನೊಂದು ಬಿಳಿ ಗುಳಿಗೆ ನುಂಗಬೇಕು. ಜೋರಾದ ವಾಂತಿ ಭೇದಿ ಎರಡು ದಿನ ದಾಟಿದರೆ ಆ ದಿನಗಳನ್ನು ಮರೆತ ದಿನಗಳೆಂದೇ ಎಣಿಸಿ, ಮೇಲಿನ ನಿಯಮವನ್ನೇ ಅನುಸರಿಸಬೇಕು.

ನೆಗಡಿ ಜ್ವರಕ್ಕೆ ಕೊಡುವ ಸಾಮಾನ್ಯ ಆಂಟಿಬಯಾಟಿಕ್‌ಗಳು ಗುಳಿಗೆಯನ್ನು ಕೆಡಿಸುತ್ತವೆ ಎಂಬ ಭಯ ಹರಡಿದೆ. ಅದಕ್ಕೆ ಆಧಾರವಿಲ್ಲ. ಕೆಡಿಸುವುದು ರಿಫಾಂಪಿಸಿನ್. ಕ್ಷಯಕ್ಕೆ ಕೊಡುವ, ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಮಾತ್ರೆ ಅದು. ಯಕೃತ್ತಿನಲ್ಲಿ ಹಾರ್ಮೋನು ಒಡೆಯುವ ವೇಗವನ್ನು ಅದು ಎಷ್ಟು ಹೆಚ್ಚಿಸುತ್ತದೆಂದರೆ, ಒಂದು ದಿನವೂ ಮರೆಯದವಳು ಕೂಡ ದಿನಾ ಮರೆತವಳಂತೆಯೇ ಆಗುತ್ತಾಳೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಇದೇ ಗುಂಪಿಗೆ ಸೇರಿದವು. ಈ ಔಷಧಗಳು ನಡೆಯುತ್ತಿರುವಾಗ, ನಿಲ್ಲಿಸಿದ ನಂತರದ ನಾಲ್ಕು ವಾರವೂ, ಗುಳಿಗೆಯನ್ನು ನಂಬುವಂತಿಲ್ಲ. ಅಂಥವರಿಗೆ ಕಾಪರ್ ಟಿ ಅಥವಾ ಚುಚ್ಚುಮದ್ದು ತಕ್ಕದ್ದು. ಟಿಬಿ ಚಿಕಿತ್ಸೆ ಆರಂಭಿಸುವ ದಿನ ಗುಳಿಗೆ ನುಂಗುತ್ತಿದ್ದೀರಾ ಎಂಬ ಒಂದು ಪ್ರಶ್ನೆಯನ್ನು ವೈದ್ಯರೇ ಕೇಳಬೇಕು. ಅವರು ಕೇಳದಿದ್ದರೆ ಆಕೆಯೇ ಹೇಳಬೇಕು.

ತುರ್ತು ಗುಳಿಗೆ

ತುರ್ತು ಗರ್ಭನಿರೋಧಕ ಗುಳಿಗೆಯಲ್ಲಿರುವುದೂ ಲೆವೊನಾರ್ಜೆಸ್ಟ್ರೆಲ್ಲೇ, ಆದರೆ 1.5 ಮಿಲಿಗ್ರಾಂ, ಮಾಲಾದ ಒಂದು ಬಿಳಿ ಗುಳಿಗೆಯ ಹತ್ತು ಪಟ್ಟು. ಭಾರತದಲ್ಲಿ 2005ರಿಂದ ಇದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಅಂಗಡಿಯಲ್ಲಿ ಸಿಗುತ್ತದೆ, ಸರ್ಕಾರದ ಈಜಿ ಪಿಲ್ ಆಶಾ ಕಾರ್ಯಕರ್ತೆಯರ ಬಳಿಯೂ ಇರುತ್ತದೆ. ಸೇರಿದ 72 ಗಂಟೆಯೊಳಗೆ ನುಂಗಬೇಕು; ಬೇಗ ನುಂಗಿದಷ್ಟೂ ಫಲ ಹೆಚ್ಚು. ಅದರ ಕೆಲಸ ಅಂಡಾಣು ಹೊರಬರುವುದನ್ನು ಮುಂದಕ್ಕೆ ತಳ್ಳುವುದು. ಅಂಡಾಣು ಆಗಲೇ ಬಂದಿದ್ದರೆ ಅದರಿಂದ ಉಪಯೋಗವಿಲ್ಲ. ಗರ್ಭ ಕಟ್ಟಿದ ಮೇಲೆ ಅದನ್ನು ಇಳಿಸುವ ಶಕ್ತಿಯಂತೂ ಅದಕ್ಕಿಲ್ಲ. ಗರ್ಭಪಾತದ ಮಾತ್ರೆಗಳು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಭಯಪಡುವವರೂ ಇದ್ದಾರೆ, ಒಂದರ ಬದಲು ಇನ್ನೊಂದು ಕೇಳುವವರೂ ಇದ್ದಾರೆ.

ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ತುರ್ತು ಗುಳಿಗೆಯನ್ನು ಮತ್ತೆ ತೆಗೆದುಕೊಳ್ಳಬೇಕು. ಅದನ್ನು ನುಂಗಿದ ಮೇಲೆ ಮಾಲಾ ನಿಲ್ಲಿಸುವ ಹಾಗಿಲ್ಲ. ಪ್ಯಾಕೆಟ್ಟಿನ ಬಿಳಿ ಗುಳಿಗೆ ಅಂದೇ ಅಥವಾ ಮಾರನೆಯ ದಿನವೇ ಮುಂದುವರಿಯಬೇಕು, ಏಳು ದಿನ ನಿರೋಧ್ ಜೊತೆಗಿರಬೇಕು. ಸೇರಿದ ಐದು ದಿನದೊಳಗೆ ಕಾಪರ್ ಟಿ ಹಾಕಿಸಿಕೊಂಡರೆ ಅದು ತುರ್ತು ಗುಳಿಗೆಗಿಂತ ಖಚಿತ. ಮುಂದೆ ವರ್ಷಗಟ್ಟಲೆ ರಕ್ಷಣೆಯೂ ಸಿಗುತ್ತದೆ. ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಿಗೆ ಇದೇ ಒಳ್ಳೆಯ ದಾರಿ. ಯುರೋಪು, ಅಮೆರಿಕಗಳಲ್ಲಿರುವ ಕನ್ನಡತಿಯರಿಗೆ ಯುಲಿಪ್ರಿಸ್ಟಾಲ್ ಎಂಬ ಇನ್ನೊಂದು ತುರ್ತು ಗುಳಿಗೆ ಸಿಗುತ್ತದೆ. ಅದನ್ನು ಐದು ದಿನದವರೆಗೂ ತೆಗೆದುಕೊಳ್ಳಬಹುದು, ಆದರೆ ಆಮೇಲೆ ಐದು ದಿನ ಬಿಟ್ಟೇ ದಿನನಿತ್ಯದ ಗುಳಿಗೆ ಮತ್ತೆ ಆರಂಭಿಸಬೇಕು. ಎರಡೂ ಔಷಧಗಳು ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ.

ಹಾಗೆ ವಿಮಾನ ಹತ್ತಿದವರಿಗೆ ಗಡಿಯಾರದ ಗೊಂದಲವೂ ಇರುತ್ತದೆ. ಬೆಂಗಳೂರಿನ ರಾತ್ರಿ 9 ಗಂಟೆ ಎಂದರೆ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ 8:30. ಅಲ್ಲಿಯೂ ರಾತ್ರಿ 9ಕ್ಕೇ ನುಂಗುತ್ತೇನೆಂದು ಕಾದರೆ ಎರಡು ಗುಳಿಗೆಗಳ ನಡುವೆ 36 ಗಂಟೆ ದಾಟುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಬದಲಿಸಿಕೊಂಡರೆ ಸರಿಹೋಗುತ್ತದೆ.

ಛಾಯಾದ ಲೆಕ್ಕವೇ ಬೇರೆ

ಛಾಯಾ ಗುಳಿಗೆಯಲ್ಲಿರುವುದು ಸೆಂಟ್‌ಕ್ರೋಮನ್, 30 ಮಿಲಿಗ್ರಾಂ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ನಿತ್ಯಾನಂದ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಔಷಧ. 1991ರಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು, 2016ರ ಸುಮಾರಿಗೆ ಛಾಯಾ ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳನ್ನು ಸೇರಿತು. ಅದು ಹಾರ್ಮೋನು ಅಲ್ಲ. ಅಂಡಾಶಯವನ್ನು ಮಲಗಿಸುವುದೂ ಇಲ್ಲ. ಗರ್ಭಕೋಶದ ಒಳಪದರ ಭ್ರೂಣ ಅಂಟಿಕೊಳ್ಳಲು ಸಿದ್ಧವಾಗದಂತೆ ನೋಡಿಕೊಳ್ಳುತ್ತದೆ. ರಕ್ತದಲ್ಲಿ ಬಹಳ ದಿನ ಉಳಿಯುವುದರಿಂದ ದಿನಾ ನುಂಗಬೇಕಿಲ್ಲ. ಎದೆಹಾಲು ಕುಡಿಸುವ ಬಾಣಂತಿಗೂ ಆಗುತ್ತದೆ, ಮಾಲಾ ಆಗುವುದಿಲ್ಲ.

ಮುಟ್ಟಾದ ಮೊದಲ ದಿನ ಮೊದಲ ಗುಳಿಗೆ. ಬುಧವಾರ ಮುಟ್ಟಾದರೆ ಅಂದೇ ಒಂದು, ಶನಿವಾರ ಇನ್ನೊಂದು. ಹೀಗೆ ಮೂರು ತಿಂಗಳು ಪ್ರತಿ ಬುಧವಾರ, ಪ್ರತಿ ಶನಿವಾರ. ನಾಲ್ಕನೆಯ ತಿಂಗಳಿಂದ ಬುಧವಾರ ಮಾತ್ರ. ಮುಂದೆ ಮುಟ್ಟು ಯಾವ ದಿನ ಬಂದರೂ ವಾರ ಬದಲಾಗುವುದಿಲ್ಲ. ದಿನಾ ನುಂಗುವ ಗುಳಿಗೆಯನ್ನು ಮರೆಯುವುದಕ್ಕಿಂತ ವಾರಕ್ಕೊಮ್ಮೆಯದನ್ನು ಮರೆಯುವುದು ಸುಲಭ ಎನ್ನುವುದು ಇದರ ದೌರ್ಬಲ್ಯ. ಆದರೆ ಸೋಮವಾರದ ಉಪವಾಸ, ಶನಿವಾರದ ಒಪ್ಪತ್ತು ಹಿಡಿದವರಿಗೆ ವಾರದ ಲೆಕ್ಕ ಅಷ್ಟು ಕಷ್ಟವಲ್ಲ.

ಬುಧವಾರದ್ದು ತಪ್ಪಿ ಶುಕ್ರವಾರ ನೆನಪಾಯಿತು ಎನ್ನೋಣ. ಶುಕ್ರವಾರವೇ ನುಂಗಬೇಕು. ಮುಂದಿನದು ಎಂದಿನಂತೆ ಬುಧವಾರಕ್ಕೇ. ಆದರೆ ಮುಂದಿನ ಮುಟ್ಟು ಬರುವವರೆಗೆ ನಿರೋಧ್ ಬಿಡಬಾರದು. ಮಾಲಾದ ಏಳು ದಿನದ ನಿಯಮ ಇಲ್ಲಿ ನಡೆಯುವುದಿಲ್ಲ. ತಪ್ಪಿ ಏಳು ದಿನ ದಾಟಿದ್ದರೆ ಹೊಸದಾಗಿ ಆರಂಭಿಸಿದವಳಂತೆ ಮತ್ತೆ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಛಾಯಾ ತೆಗೆದುಕೊಳ್ಳುವಾಗ ಸ್ರಾವ ಕಡಿಮೆಯಾಗುವುದು, ಮುಟ್ಟು ಮುಂದೆ ಹೋಗುವುದು ಸಾಮಾನ್ಯ. ಹದಿನೈದು ದಿನ ಮೀರಿದರೆ ಮಾತ್ರ ಗರ್ಭದ ಪರೀಕ್ಷೆ ಮಾಡಿಸಬೇಕು.

ಎಸ್ಟ್ರೊಜೆನ್ ಇಲ್ಲದ, ಪ್ರೊಜೆಸ್ಟಿನ್ ಒಂದೇ ಇರುವ ಗುಳಿಗೆಗಳೂ ಇವೆ. ಇವುಗಳಲ್ಲಿ ಹಳೆಯ ಬಗೆಯವು ಗಡಿಯಾರಕ್ಕೆ ಕಟ್ಟಿಬಿದ್ದವು. ಮೂರು ಗಂಟೆ ತಡವಾದರೂ ಮರೆತಂತೆಯೇ, ಏಕೆಂದರೆ ಅವು ಹೆಚ್ಚಾಗಿ ನೆಚ್ಚಿರುವುದು ಗರ್ಭಕೊರಳಿನ ಲೋಳೆಯನ್ನು. 2023ರಲ್ಲಿ ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರಲು ಅನುಮತಿ ಪಡೆದ ಓಪಿಲ್ ಈ ಬಗೆಯದು. ಡೆಸೊಜೆಸ್ಟ್ರೆಲ್ ಇರುವ ಗುಳಿಗೆಗೆ 12 ಗಂಟೆಯ ಸಡಿಲವಿದೆ. ತಪ್ಪಿದರೆ ನೆನಪಾದಾಗ ನುಂಗಿ, ಎರಡು ದಿನ ನಿರೋಧ್ ಬಳಸಿದರೆ ಸಾಕು; ಲೋಳೆ ಮತ್ತೆ ದಪ್ಪವಾಗಲು 48 ಗಂಟೆ ಹಿಡಿಯುತ್ತದೆ.

ಇವೆಲ್ಲದರ ಜೊತೆ ಕಲಸಿಹೋಗುವ ಇನ್ನೊಂದು ಮಾತ್ರೆ ನೊರೆಥಿಸ್ಟೆರೋನ್. ಮದುವೆ, ಗೃಹಪ್ರವೇಶ, ವರಮಹಾಲಕ್ಷ್ಮಿ ಹಬ್ಬ, ತಿರುಪತಿ ಯಾತ್ರೆಗಳ ಮುಂಚೆ ಮುಟ್ಟು ಮುಂದೂಡಲು ತೆಗೆದುಕೊಳ್ಳುವ ಮಾತ್ರೆ ಅದು. ಅಷ್ಟು ದಿನ ಗರ್ಭ ನಿಲ್ಲುವುದಿಲ್ಲ ಎಂದು ನಂಬಿದವರು ಬಹಳ. ಆ ಬಳಕೆಯಲ್ಲಿ ಅದನ್ನು ಗರ್ಭನಿರೋಧಕವಾಗಿ ಎಣಿಸುವಂತಿಲ್ಲ. ಮಾಲಾ ನುಂಗುವವರಿಗೆ ಅದು ಬೇಕೂ ಇಲ್ಲ. ಕಂದು ಸಾಲು ಬಿಟ್ಟು ಹೊಸ ಪ್ಯಾಕೆಟ್ಟಿಗೆ ಹೋದರೆ ಸ್ರಾವ ತಾನಾಗಿಯೇ ಮುಂದೆ ಹೋಗುತ್ತದೆ.

ಮುಟ್ಟು ಬಾರದಿದ್ದರೆ

ಗುಳಿಗೆ ತಪ್ಪಿದ ಮೇಲೆ ಒಂದೆರಡು ದಿನ ಸ್ರಾವ ಹನಿಯುವುದುಂಟು. ಅದನ್ನು ಮುಟ್ಟೆಂದು ತಿಳಿದು ಪ್ಯಾಕೆಟ್ ಅಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ಎರಡು ದಿನದ ಅಂತರ ಹತ್ತು ದಿನವಾಗುವುದು ಹೀಗೆ. ಹನಿಯುತ್ತಿದ್ದರೂ ಗುಳಿಗೆ ಮುಂದುವರಿಯಬೇಕು.

ಕಂದು ಗುಳಿಗೆಯ ವಾರದಲ್ಲಿ ಸ್ರಾವವೇ ಬರದಿದ್ದರೆ, ಆ ತಿಂಗಳು ಗುಳಿಗೆ ತಪ್ಪಿದ್ದರೆ, ಪರೀಕ್ಷೆ ಮಾಡಿಕೊಳ್ಳಬೇಕು. ಆಶಾ ಕಾರ್ಯಕರ್ತೆಯ ಬಳಿ ನಿಶ್ಚಯ್ ಕಿಟ್ ಇರುತ್ತದೆ. ರಕ್ಷಣೆಯಿಲ್ಲದೆ ಸೇರಿದ ಮೂರು ವಾರದ ನಂತರದ ಪರೀಕ್ಷೆಯನ್ನು ನಂಬಬಹುದು. ಅದಕ್ಕೂ ಮುಂಚೆ ಬಂದ ಒಂದೇ ಗೆರೆಯನ್ನು ನಂಬುವಂತಿಲ್ಲ. ಪರೀಕ್ಷೆ ಮಾಡುವ ಮುನ್ನ ಗೊತ್ತಿಲ್ಲದೆ ಕೆಲವು ದಿನ ಗುಳಿಗೆ ನುಂಗಿದ್ದರೆ ಮಗುವಿಗೆ ಊನವಾಗುತ್ತದೆ ಎಂಬ ಅಂಜಿಕೆಗೆ ಕಾರಣವಿಲ್ಲ. ಗರ್ಭವೆಂದು ಗೊತ್ತಾದ ದಿನ ನಿಲ್ಲಿಸಿದರೆ ಸಾಕು.

ಗರ್ಭ ಬೇಡವಾದರೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಗರ್ಭನಿರೋಧಕ ವಿಫಲವಾದದ್ದನ್ನೇ ಕಾರಣವಾಗಿ ಒಪ್ಪುತ್ತದೆ. ಮೊದಲು ಅದು ಮದುವೆಯಾದವಳಿಗೆ ಮಾತ್ರ ಇತ್ತು; 2021ರ ತಿದ್ದುಪಡಿ ‘ಗಂಡ’ ಎಂಬ ಕಡೆ ‘ಸಂಗಾತಿ’ ಎಂದು ಬರೆದು ಆ ಕಟ್ಟನ್ನು ತೆಗೆಯಿತು. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಆದರೆ ಅಂಗಡಿಯಿಂದ ಗರ್ಭಪಾತದ ಮಾತ್ರೆಗಳ ಕಿಟ್ ತಂದು ಮನೆಯಲ್ಲೇ ನುಂಗಿ ರಕ್ತಸ್ರಾವ ನಿಲ್ಲದೆ ಆಸ್ಪತ್ರೆ ಸೇರುವವರ ಕತೆ ಹೆರಿಗೆ ವಾರ್ಡಿನ ನರ್ಸುಗಳಿಗೆ ಹೊಸದಲ್ಲ.

ಮತ್ತೆ ಮತ್ತೆ ಮರೆಯುವವರಿಗೆ

ಒಂದು ದಿನವೂ ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರ ಹೆಂಗಸರಲ್ಲಿ ಮೂವರಿಗೆ ಗರ್ಭ ನಿಲ್ಲುತ್ತದೆ. ಜನ ನಿಜವಾಗಿ ನುಂಗುವ ರೀತಿಯಲ್ಲಿ ಲೆಕ್ಕ ಹಾಕಿದರೆ ಸಾವಿರಕ್ಕೆ ಎಪ್ಪತ್ತು. ಔಷಧ ಎರಡು ಕಡೆಯೂ ಅದೇ; ಅಂತರ ಬರುವುದು ಬಹುಪಾಲು ಮರೆವಿನಿಂದ.

ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರವೇ ತೆರೆಯಬೇಕೆಂದು ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಆದೇಶ ಮಾಡಿತ್ತು. ಅಂಥ ನೆಲದಲ್ಲೂ ಇಂದು ಫ್ಯಾಮಿಲಿ ಪ್ಲಾನಿಂಗ್ ಎಂದರೆ ‘ಆಪರೇಷನ್’ ಎಂದೇ ಅರ್ಥ. ರಾಜ್ಯದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನೇ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಗುಳಿಗೆ ಬಳಸುವವರು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನೂರು ವಿವಾಹಿತೆಯರಲ್ಲಿ ಐವರು. ಅತ್ತೆಯ ಕಣ್ಣಿಗೆ ಬೀಳದಂತೆ ಅಕ್ಕಿಡಬ್ಬಿಯಲ್ಲಿಟ್ಟ ಪ್ಯಾಕೆಟ್ ನುಂಗುವವಳ ಕಣ್ಣಿಗೂ ಬೀಳುವುದಿಲ್ಲ. ಟೂತ್‌ಪೇಸ್ಟಿನ ಪಕ್ಕ ಇಡುವುದು, ಮೊಬೈಲಿನಲ್ಲಿ ಅಲಾರಂ ಇಡುವುದು, ರಾತ್ರಿ ಧಾರಾವಾಹಿ ಮುಗಿದ ಕೂಡಲೇ ನುಂಗುವುದು ಹೀಗೆ ಬೇರೊಂದು ಅಭ್ಯಾಸಕ್ಕೆ ಗಂಟು ಹಾಕಿದರೆ ಮರೆವು ಕಡಿಮೆಯಾಗುತ್ತದೆ. ತಿಂಗಳಿಗೆ ಎರಡು ಮೂರು ಸಲ ತಪ್ಪುತ್ತಲೇ ಇದ್ದರೆ ಆ ಹೆಣ್ಣಿಗೆ ಗುಳಿಗೆ ಹೊಂದುವ ವಿಧಾನವಲ್ಲ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದಿಗೆ ದಿನ ದಾಟಿದರೂ ನಾಲ್ಕು ವಾರದವರೆಗೆ ಸಡಿಲವಿದೆ. ಆರೋಗ್ಯ ಕೇಂದ್ರಗಳಲ್ಲಿ ವಂಕಿ ಎಂದು ಕರೆಯುವ ಕಾಪರ್ ಟಿಯಲ್ಲಿ 375 ಸಂಖ್ಯೆಯದು ಐದು ವರ್ಷ, 380ಎ ಹತ್ತು ವರ್ಷ ಬಾಳುತ್ತದೆ. ಹಾಕಿಸಿಕೊಂಡ ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿಟ್ಟುಕೊಂಡರೆ ಮತ್ತೆ ನೆನಪಿಡಬೇಕಾದ ದಿನ ತೆಗೆಸಬೇಕಾದ ದಿನ ಒಂದೇ.